ಜಿಂಕೆಗಳೂ ಹುಲ್ಲುಗಾವಲುಗಳೂ

ತರೀಕೆರೆಯ ಪಶ್ಚಿಮಕ್ಕೆ ಲಕ್ಕವಳ್ಳಿಯ ಕಡೆ ಭದ್ರಾ ಅರಣ್ಯವು ಹಬ್ಬಿರುವುದು. ಪೂರ್ವಕ್ಕೆ ಕಡೂರು, ಅಜ್ಜಂಪುರಗಳ ಕಡಮೆ ಮಳೆಯ ಬಯಲುಸೀಮೆಯುಂಟು. ಈ ಎರಡು ಬಗೆಯ ನೆಲದಲ್ಲಿರುವ ಮೃಗಗಳನ್ನೆಲ್ಲ ಜಿಂಕೆಯೆಂದೇ ಕರೆಯುವುದು ವಾಡಿಕೆ. ಆದರೆ ಇವುಗಳ ಜಾತಿ, ಮೇವು, ನಡತೆಗಳು ಬೇರೆ ಬೇರೆಯಾದುದರಿಂದ, ಪೈರನ್ನು ಕಾಯುವವರು ಇವುಗಳ ಭೇದವನ್ನರಿತಿರುವುದು ಲೇಸು.

ಕಾಡಿನ ಜಾತಿಗಳು.— 1974ರಲ್ಲಿ ವನ್ಯಜೀವಿಧಾಮವೂ 1998ರಲ್ಲಿ ಹುಲಿ ಸಂರಕ್ಷಣೆಯ ಯೋಜನೆಗೆ ಸೇರಿದ ಪ್ರದೇಶವೂ ಆದ ಭದ್ರಾ ಅರಣ್ಯದಲ್ಲಿ ಕಡವೆ, ಚುಕ್ಕೆಯ ಜಿಂಕೆ, ಕಾಡುಕುರಿಗಳಿರುತ್ತವೆ. ಇವುಗಳಲ್ಲಿ ಗಂಡಿಗೆ ಮಾತ್ರ ಕೊಂಬುಂಟು. ಅದು ಕವಲೊಡೆದು ಬೆಳೆದು, ಕಾಲಕ್ಕೆ ಉದುರಿ, ಮರಳಿ ಮೂಡುವುದು. ಕಡವೆಯು ಎಲ್ಲಕ್ಕಿಂತ ದೊಡ್ಡದು. ನೆರಳು ನೀರುಗಳಿರುವೆಡೆ ನಿಂತು, ಹೆಚ್ಚಾಗಿ ರಾತ್ರಿಯಲ್ಲಿ ಸೊಪ್ಪು ಹುಲ್ಲುಗಳನ್ನು ಮೇಯುವುದು. ಚುಕ್ಕೆಯ ಜಿಂಕೆಯು ಹಿಂಡುಗಟ್ಟಿ ಕಾಡಂಚಿನ ಹುಲ್ಲನ್ನು ಮೇಯುವುದಲ್ಲದೆ, ಮುಸುವಗಳು ಮರದಿಂದ ಉದುರಿಸಿದ ಎಲೆಕಾಯಿಗಳನ್ನೂ ತಿನ್ನುವುದು. ಕಾಡುಕುರಿಯು ಪೊದೆಗಳಲ್ಲಿ ಒಂಟಿಯಾಗಿದ್ದು, ಅಪಾಯ ಕಂಡಾಗ ನಾಯಿ ಬೊಗಳಿದಂತೆ ಕೂಗುವುದು.

ಬಯಲಿನ ಹುಲ್ಲೆ.— ಕೃಷ್ಣಮೃಗವೆಂಬ ಈ ಪ್ರಾಣಿಯು ನಿಜವಾಗಿ ಜಿಂಕೆಯ ಕುಲದ್ದಲ್ಲ; ದನ ಆಡುಗಳ ಕುಲಕ್ಕೆ ಸೇರಿದ್ದು. ಇದರ ತಿರುಚಿದ ಕೊಂಬು ಕವಲೊಡೆಯದು, ಉದುರದು. ಹೆಣ್ಣು ಸುಮಾರು ಆರು ತಿಂಗಳ ಗರ್ಭವನ್ನು ಧರಿಸಿ ಸಾಮಾನ್ಯವಾಗಿ ಒಂದು ಮರಿಯನ್ನು ಹಾಕಿ, ಮೊದಲ ಕೆಲವು ದಿನ ಹುಲ್ಲಿನಲ್ಲಿ ಅಡಗಿಸಿಡುವುದು. ದೂರದ ನೋಟವೂ ಓಟವೂ ಇದಕ್ಕೆ ರಕ್ಷೆಯಾದುದರಿಂದ, ಮರಗಳು ಒತ್ತಾಗಿ ಬೆಳೆದೆಡೆ ಇದು ನೆಲಸದು.

ಕಾವಲುಗಳ ಬೆಲೆ.— ಈ ಹುಲ್ಲೆಗೆ ಆಶ್ರಯವಾದವು ಅಮೃತಮಹಲ್ ದನಗಳಿಗಾಗಿ ಹಿಂದೆ ಬಿಟ್ಟ ಕಾವಲುಗಳು. ಅಜ್ಜಂಪುರದ ತಳಿ ಸಂವರ್ಧನ ಕೇಂದ್ರವು 1929ರಲ್ಲಿ ಸ್ಥಾಪಿತವಾಯಿತು. ಕಡೂರು ತಾಲ್ಲೂಕಿನ ಬಾಸೂರು ಕಾವಲಿನ ಸುಮಾರು 736 ಹೆಕ್ಟೇರು 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಮರವಿಲ್ಲದ ನೆಲವೆಲ್ಲ ಬಂಜರೆಂದು ತಿಳಿಯುವುದು ತಪ್ಪು. ಕಾವಲನ್ನು ಉತ್ತರೆ, ಇಲ್ಲವೆ ನೀಲಗಿರಿ ಮರಗಳನ್ನು ತುಂಬಿದರೆ, ಹುಲ್ಲು ಕ್ಷೀಣಿಸುವುದು; ದನಗಳಿಗೂ ಹುಲ್ಲೆಗಳಿಗೂ ಮೇವು ಕಡಮೆಯಾಗಿ, ಹುಲ್ಲೆಗಳು ಹೊಲದ ಪೈರಿಗೆ ಬಾಯಿಡುವುವು.

ಕರ್ತವ್ಯಗಳು.— ಗ್ರಾಮದ ಮುಖಂಡರೂ ಜಮೀನುದಾರರೂ ಈ ಕೆಳಗಿನವುಗಳನ್ನು ಗಮನಿಸತಕ್ಕದ್ದು.

1. ಕಾವಲಿನ ಒತ್ತುವರಿಗೆ ಅವಕಾಶ ಕೊಡಬಾರದು.
2. ಊರನಾಯಿಗಳು ಮರಿಗಳನ್ನು ಕೊಲ್ಲುವುದರಿಂದ ಅವುಗಳನ್ನು ಕಾವಲಿಗೆ ಬಿಡಬಾರದು.
3. ಕಾಲುಬಾಯಿ ರೋಗವು ದನಗಳಿಂದ ಜಿಂಕೆ ಹುಲ್ಲೆಗಳಿಗೂ ಹರಡಬಲ್ಲದು. ದನಗಳಿಗೆ ತಪ್ಪದೆ ಲಸಿಕೆ ಹಾಕಿಸಬೇಕು.
4. ಪೈರಿಗೆ ಮುಳ್ಳುಬೇಲಿ, ಸರದಿಯ ಕಾವಲುಗಳೇ ಯೋಗ್ಯವಾದ ಉಪಾಯ. ಬೇಲಿಗೆ ವಿದ್ಯುತ್ ತಂತಿಯನ್ನು ಜೋಡಿಸಿದರೆ ದನಗಳೂ ಮನುಷ್ಯರೂ ಸಾಯುವರು.
5. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಇವುಗಳ ಬೇಟೆ ದಂಡನಾರ್ಹ. ಬೆಳೆನಷ್ಟವಾದರೆ ಅರಣ್ಯ ಇಲಾಖೆಗೆ ಕೂಡಲೆ ತಿಳಿಸಬೇಕು.

ಕಾವಲಿನಲ್ಲಿ ಹುಲ್ಲು ಉಳಿದರೆ ಊರಿನ ದನವೂ ಬಾಳುವುದು, ಹೊಲದ ಪೈರೂ ಉಳಿಯುವುದು.