ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ: ವರ್ತಕರಿಗೆ ಅನುಕೂಲವೆಷ್ಟು, ತೊಡಕೆಷ್ಟು?

ಗಣಕಯಂತ್ರದ ಬಿಡಿಭಾಗಗಳನ್ನೂ ಅದರಲ್ಲಿ ಬಳಸುವ ಇತರ ತಂತ್ರಾಂಶಗಳನ್ನೂ ನಡೆಸುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣಾ ವ್ಯವಸ್ಥೆ ಎಂದು ಹೆಸರು. ಮಳಿಗೆ, ಗೋದಾಮು ಹಾಗೂ ಸಣ್ಣ ಕೈಗಾರಿಕೆಗಳ ಕಚೇರಿಗಳಲ್ಲಿ ಬಹುಕಾಲದಿಂದ ರೂಢಿಯಲ್ಲಿರುವುದು ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್. 2015ರಲ್ಲಿ ಬಿಡುಗಡೆಯಾದ ವಿಂಡೋಸ್ 10ಕ್ಕೆ ಸಂಸ್ಥೆಯು ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಯಂತ್ರಗಳು ಕೆಲಸ ನಿಲ್ಲಿಸಲಿಲ್ಲವಾದರೂ ಉಚಿತ ಸುರಕ್ಷತಾ ಪರಿಷ್ಕರಣೆಗಳು ನಿಂತವು. ಇದರಿಂದಾಗಿ ಹಳೆಯ ಗಣಕಯಂತ್ರಗಳನ್ನು ಉಳಿಸಿಕೊಂಡಿರುವ ಉದ್ದಿಮೆದಾರರು ಪರ್ಯಾಯದ ಬಗ್ಗೆ ಆಲೋಚಿಸುವುದು ಅನಿವಾರ್ಯವಾಗಿದೆ.

ಸುರಕ್ಷತಾ ಪರಿಷ್ಕರಣೆಯನ್ನು ಕಡೆಗಣಿಸಿದರೆ ಆಗುವ ಹಾನಿಗೆ 2017ರ ಮೇ ತಿಂಗಳಿನಲ್ಲಿ ಹರಡಿದ ವಾನಾಕ್ರೈ ದಾಳಿಯೇ ನಿದರ್ಶನ. ಕಡತಗಳಿಗೆ ಬೀಗ ಹಾಕಿ ಹಣ ಕೇಳುತ್ತಿದ್ದ ಈ ಕುತಂತ್ರಾಂಶವನ್ನು ತಡೆಯುವ ಪರಿಷ್ಕರಣೆ ಅದೇ ವರ್ಷದ ಮಾರ್ಚ್‌ನಲ್ಲಿಯೇ ಲಭ್ಯವಿತ್ತು. ಅದನ್ನು ಅಳವಡಿಸಿಕೊಳ್ಳದ ಯಂತ್ರಗಳೇ ಮುಖ್ಯವಾಗಿ ದಾಳಿಗೆ ತುತ್ತಾದವು. ಬಾಕಿ ವಸೂಲಿ, ದಾಸ್ತಾನು ಮತ್ತು ತೆರಿಗೆಯ ಲೆಕ್ಕಗಳೆಲ್ಲ ಒಂದೇ ಯಂತ್ರದಲ್ಲಿದ್ದರೆ ಇಂತಹ ದಾಳಿಯಿಂದ ವ್ಯವಹಾರವೇ ಸ್ಥಗಿತಗೊಳ್ಳಬಹುದು.

ವಿಂಡೋಸ್ 11ಕ್ಕೆ ಬದಲಾಯಿಸುವುದು ಮೊದಲನೆಯ ಮಾರ್ಗ. ಆದರೆ ಅದಕ್ಕೆ ಟಿಪಿಎಂ 2.0 ಎಂಬ ಸುರಕ್ಷತಾ ಸೌಲಭ್ಯ ಹಾಗೂ ನಿಗದಿತ ಪೀಳಿಗೆಯ ಪ್ರೊಸೆಸರ್ ಅಗತ್ಯವಿರುವುದರಿಂದ ಅನೇಕ ಹಳೆಯ ಯಂತ್ರಗಳನ್ನೇ ಬದಲಿಸಬೇಕಾಗುತ್ತದೆ. ಶುಲ್ಕ ತೆತ್ತು ವಿಂಡೋಸ್ 10ರ ಪರಿಷ್ಕರಣೆಗಳನ್ನು ಮುಂದುವರಿಸಿಕೊಳ್ಳುವುದು ಎರಡನೆಯ ಮಾರ್ಗ. ವಾಣಿಜ್ಯ ಸಂಸ್ಥೆಗಳಿಗೆ ಮೊದಲ ವರ್ಷಕ್ಕೆ ಯಂತ್ರವೊಂದಕ್ಕೆ 61 ಡಾಲರ್ ಎಂದು ಘೋಷಿಸಲಾದ ಈ ಶುಲ್ಕ ಪ್ರತಿ ವರ್ಷ ಇಮ್ಮಡಿಯಾಗುತ್ತದೆ. ಈ ಸೌಲಭ್ಯವೂ ಮೂರು ವರ್ಷಗಳಿಗೆ ಸೀಮಿತ. ಮೂರನೆಯ ಮಾರ್ಗವೇ ಲಿನಕ್ಸ್.

ಅನುಕೂಲಗಳು

1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಮುಕ್ತ ತಂತ್ರಾಂಶವಾಗಿದ್ದು, ಉಬುಂಟು, ಲಿನಕ್ಸ್ ಮಿಂಟ್ ಮುಂತಾದ ಹಲವು ರೂಪಗಳಲ್ಲಿ ದೊರೆಯುತ್ತದೆ. ಇವುಗಳಿಗೆ ಪರವಾನಗಿ ಶುಲ್ಕವಿಲ್ಲ; ಎಷ್ಟು ಯಂತ್ರಗಳಿಗೆ ಬೇಕಾದರೂ ಅಳವಡಿಸಬಹುದು. 2024ರ ಏಪ್ರಿಲ್‌ನಲ್ಲಿ ಬಿಡುಗಡೆಯಾದ ಉಬುಂಟು 24.04ಕ್ಕೆ ಐದು ವರ್ಷಗಳ ಉಚಿತ ಸುರಕ್ಷತಾ ಪರಿಷ್ಕರಣೆ ಇದೆ. ಕ್ಷುಬುಂಟುವಿನಂತಹ ಹಗುರ ರೂಪಗಳು ಕಡಿಮೆ ಸಾಮರ್ಥ್ಯದ ಯಂತ್ರಗಳಿಗೂ ಹೊಂದಿಕೊಳ್ಳುತ್ತವೆ. ಪತ್ರವ್ಯವಹಾರ ಹಾಗೂ ಲೆಕ್ಕದ ಕೋಷ್ಟಕಗಳಿಗೆ ಲಿಬ್ರೆ ಆಫೀಸ್ ಉಚಿತವಾಗಿ ಲಭ್ಯ. ಫೈರ್‌ಫಾಕ್ಸ್, ಕ್ರೋಮ್ ಬ್ರೌಸರ್‌ಗಳೂ ಕೆಲಸ ಮಾಡುತ್ತವೆ. ಯೂನಿಕೋಡ್ ಕನ್ನಡವನ್ನು ಬೆರಳಚ್ಚಿಸಲು ಪರಿಚಿತ ಕೀಲಿಮಣೆ ವಿನ್ಯಾಸಗಳಿವೆ.

ತೊಡಕುಗಳು

ವರ್ತಕರಿಗೆ ದೊಡ್ಡ ತೊಡಕು ಲೆಕ್ಕಪತ್ರದ್ದು. ವ್ಯಾಪಕ ಬಳಕೆಯಲ್ಲಿರುವ ಟ್ಯಾಲಿ ತಂತ್ರಾಂಶವು ವಿಂಡೋಸ್‌ಗಾಗಿ ರೂಪುಗೊಂಡಿದೆ. ವೈನ್ ಎಂಬ ಸಹಾಯಕ ತಂತ್ರಾಂಶದ ಮೂಲಕ ಲಿನಕ್ಸ್‌ನಲ್ಲಿ ಅದನ್ನು ನಡೆಸಲು ಪ್ರಯತ್ನಿಸಬಹುದಾದರೂ, ವರ್ಷಾಂತ್ಯದ ಲೆಕ್ಕಗಳನ್ನು ಅಂತಹ ವ್ಯವಸ್ಥೆಯ ಮೇಲೆ ಅವಲಂಬಿಸುವುದು ಜಾಣತನವಲ್ಲ. ಡಿಜಿಟಲ್ ಸಹಿಯ ಟೋಕನ್, ಬಿಲ್ ಮುದ್ರಕ ಮತ್ತು ಸ್ಕ್ಯಾನರ್‌ಗಳಿಗೆ ಲಿನಕ್ಸ್ ಚಾಲಕ ತಂತ್ರಾಂಶ ಇದೆಯೇ ಎಂಬುದನ್ನು ತಯಾರಕರಿಂದ ಮೊದಲೇ ತಿಳಿದುಕೊಳ್ಳಬೇಕು. ಎಕ್ಸೆಲ್ ಕಡತಗಳಲ್ಲಿರುವ ಮ್ಯಾಕ್ರೋಗಳು ಲಿಬ್ರೆ ಆಫೀಸ್‌ನಲ್ಲಿ ಯಥಾವತ್ತಾಗಿ ನಡೆಯದಿರಬಹುದು. ಯೂನಿಕೋಡ್ ಅಲ್ಲದ ಹಳೆಯ ನುಡಿ ಅಕ್ಷರಶೈಲಿಯಲ್ಲಿರುವ ಪತ್ರಗಳನ್ನು ಪರಿವರ್ತಿಸಿಕೊಳ್ಳಬೇಕಾಗುತ್ತದೆ. ಸಿಬ್ಬಂದಿಯ ತರಬೇತಿಗೆ ಸಮಯ ಬೇಕು. ಲಿನಕ್ಸ್ ಬಲ್ಲ ದುರಸ್ತಿಗಾರರು ಎಲ್ಲ ಊರುಗಳಲ್ಲೂ ಸುಲಭವಾಗಿ ಸಿಗುವುದಿಲ್ಲ.

ಅನುಸರಿಸಬಹುದಾದ ಕ್ರಮ

ಆದುದರಿಂದ ಇಡೀ ಕಚೇರಿಗೆ ಒಂದೇ ತೀರ್ಮಾನ ಕೈಗೊಳ್ಳುವ ಬದಲು, ಪ್ರತಿಯೊಂದು ಯಂತ್ರದಲ್ಲಿ ನಡೆಯುವ ಕೆಲಸವನ್ನು ಪಟ್ಟಿ ಮಾಡುವುದು ಒಳಿತು. ಟ್ಯಾಲಿ ಮತ್ತು ಡಿಜಿಟಲ್ ಸಹಿ ಬಳಸುವ ಯಂತ್ರಕ್ಕೆ ಬೆಂಬಲವಿರುವ ವಿಂಡೋಸ್ ಆವೃತ್ತಿಯೇ ಸೂಕ್ತ. ಪತ್ರವ್ಯವಹಾರ, ಇ-ಮೇಲ್, ದರಪಟ್ಟಿ ಹಾಗೂ ಬ್ರೌಸರ್ ಮೂಲಕವೇ ಮುಗಿಯುವ ಕೆಲಸಗಳ ಯಂತ್ರಗಳಿಗೆ ಲಿನಕ್ಸ್ ಸಾಕಾಗುತ್ತದೆ. ಉಬುಂಟುವನ್ನು ಪೆನ್‌ಡ್ರೈವ್‌ನಿಂದಲೇ ಚಾಲನೆಗೊಳಿಸಿ, ಹಾರ್ಡ್ ಡಿಸ್ಕ್‌ನಲ್ಲಿರುವುದನ್ನು ಬದಲಿಸದೆ ಪರೀಕ್ಷಿಸಿ ನೋಡಲು ಅವಕಾಶವಿದೆ. ಅಳವಡಿಸುವ ಮುನ್ನ ಎಲ್ಲ ಕಡತಗಳ ಪ್ರತಿಯನ್ನು ಬೇರೆಡೆ ತೆಗೆದಿರಿಸಿ, ಆ ಪ್ರತಿ ಸರಿಯಾಗಿ ತೆರೆಯುತ್ತದೆಯೇ ಎಂದೂ ಖಚಿತಪಡಿಸಿಕೊಳ್ಳಬೇಕು. ಮಾರ್ಚ್ ತಿಂಗಳಿನ ಲೆಕ್ಕ ಮುಕ್ತಾಯದ ವೇಳೆಯಲ್ಲಿ ಈ ಬದಲಾವಣೆಗೆ ಕೈಹಾಕದಿರುವುದು ಕ್ಷೇಮ.

ಲಿನಕ್ಸ್‌ಗೆ ಬೆಲೆಯಿಲ್ಲದಿದ್ದರೂ ಬದಲಾವಣೆಗೆ ಖರ್ಚಿದೆ. ಆ ಖರ್ಚನ್ನೂ ಹೊಸ ಯಂತ್ರಗಳ ವೆಚ್ಚವನ್ನೂ ಅಕ್ಕಪಕ್ಕದಲ್ಲಿಟ್ಟು ತೂಗಿ ನೋಡಿದಾಗ ಮಾತ್ರ ನಿಜವಾದ ಉಳಿತಾಯ ಎಷ್ಟೆಂಬುದು ತಿಳಿಯುತ್ತದೆ.