ಶಿಕ್ಷಣ ಸಂಶೋಧನೆಯ ಅಂತರರಾಷ್ಟ್ರೀಯ ಸ್ನಾತಕೋತ್ತರ ಪದವಿ: ತಪ್ಪು ಕಲ್ಪನೆ ಮತ್ತು ಸತ್ಯ

ಕಲಿಕೆ, ಬೋಧನೆ, ಪಠ್ಯಕ್ರಮ, ಶಾಲಾಡಳಿತ ಮತ್ತು ಶಿಕ್ಷಣ ನೀತಿಗಳ ಬಗ್ಗೆ ಕೇಳಿಬರುವ ಹೇಳಿಕೆಗಳನ್ನು ಪುರಾವೆಗಳ ಮೂಲಕ ಪರಿಶೀಲಿಸುವ ಶಾಸ್ತ್ರವೇ ಶಿಕ್ಷಣ ಸಂಶೋಧನೆ. ಈ ಶಾಸ್ತ್ರವನ್ನು ನಾನಾ ದೇಶಗಳ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಮಾಧ್ಯಮದಲ್ಲಿ ಬೋಧಿಸುವ ಸ್ನಾತಕೋತ್ತರ ಕೋರ್ಸುಗಳು ಯುರೋಪಿನ ಹಲವು ವಿಶ್ವವಿದ್ಯಾಲಯಗಳಲ್ಲಿದ್ದು, ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯ ರೂಪಿಸಿದ ಎರಡು ವರ್ಷಗಳ, 120 ಕ್ರೆಡಿಟ್‌ಗಳ ಕೋರ್ಸು ಅವುಗಳಲ್ಲೊಂದು. ಕರ್ನಾಟಕದ ಬಿ.ಎಡ್. ಪದವೀಧರರಿಗೂ ಶಾಲಾ ಶಿಕ್ಷಕರಿಗೂ ಇಂಥ ಪದವಿ ಆಕರ್ಷಕವಾಗಿ ಕಾಣುವುದು ಸಹಜವಾದರೂ, ಅದರ ಸ್ವರೂಪದ ಬಗ್ಗೆ ಇರುವ ಕೆಲವು ತಪ್ಪು ಕಲ್ಪನೆಗಳು ಅರ್ಜಿ ಹಾಕುವವರ ನಿರೀಕ್ಷೆಯನ್ನೇ ದಾರಿ ತಪ್ಪಿಸುತ್ತವೆ.

ತಪ್ಪು ಕಲ್ಪನೆ 1: ಇದು ವಿದೇಶದ ಬಿ.ಎಡ್. ಅಥವಾ ಎಂ.ಎಡ್.; ಮುಗಿಸಿದರೆ ಶಿಕ್ಷಕರಾಗುವ ಅರ್ಹತೆ ಸಿಗುತ್ತದೆ.

ಸತ್ಯ: ಬಿ.ಎಡ್. ವೃತ್ತಿ ತರಬೇತಿಯ ಪದವಿಯಾಗಿದ್ದು, ಪಾಠ ಯೋಜನೆಯನ್ನೂ ತರಗತಿ ನಿರ್ವಹಣೆಯನ್ನೂ ಅಭ್ಯಾಸ ಬೋಧನೆಯ ಮೂಲಕ ಕಲಿಸುತ್ತದೆ. ಸಂಶೋಧನಾ ಪದವಿಯಲ್ಲಿ ಇಂಥ ಅಭ್ಯಾಸ ಬೋಧನೆ ಇರುವುದಿಲ್ಲ. ಹೇಗೆ ಪಾಠ ಮಾಡಬೇಕು ಎಂಬುದಕ್ಕಿಂತ, ಒಂದು ಬೋಧನಾ ಕ್ರಮ ಫಲಕಾರಿ ಎಂಬ ಹೇಳಿಕೆಯನ್ನು ಯಾವ ಆಧಾರದ ಮೇಲೆ ಒಪ್ಪಬೇಕು ಎಂಬುದೇ ಅಲ್ಲಿನ ಮುಖ್ಯ ಪ್ರಶ್ನೆ. ಭಾರತದಲ್ಲಿ ಶಾಲಾ ಶಿಕ್ಷಕರ ಕನಿಷ್ಠ ಅರ್ಹತೆಯನ್ನು 1993ರ ಕಾಯ್ದೆಯಡಿ ರೂಪುಗೊಂಡ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು ನಿಗದಿಪಡಿಸುವುದರಿಂದ, ಸಂಶೋಧನಾ ಪದವಿಯೊಂದು ತಾನಾಗಿಯೇ ಬಿ.ಎಡ್.ನ ಸ್ಥಾನ ತುಂಬಲಾರದು.

ತಪ್ಪು ಕಲ್ಪನೆ 2: ಸಂಶೋಧನೆ ಎಂದರೆ ಪ್ರಶ್ನಾವಳಿ ಹಂಚಿ, ಶೇಕಡಾವಾರು ಲೆಕ್ಕ ಹಾಕುವುದು.

ಸತ್ಯ: ಅಂಕಿಅಂಶಗಳನ್ನು ಆಧರಿಸಿದ ಪರಿಮಾಣಾತ್ಮಕ ವಿಧಾನ ಶಿಕ್ಷಣ ಸಂಶೋಧನೆಯ ಒಂದು ಕವಲು ಮಾತ್ರ. ಸಂದರ್ಶನ, ತರಗತಿ ವೀಕ್ಷಣೆ, ದಾಖಲೆಗಳ ಅಧ್ಯಯನ ಮೊದಲಾದವುಗಳಿಂದ ಜನರ ಅನುಭವ ಮತ್ತು ಗ್ರಹಿಕೆಗಳನ್ನು ಅರಿಯುವ ಗುಣಾತ್ಮಕ ವಿಧಾನಕ್ಕೂ ಅಷ್ಟೇ ಮಾನ್ಯತೆ ಇದೆ. ಗೋಥೆನ್‌ಬರ್ಗ್‌ನಲ್ಲೇ ನಡೆದ ಅಧ್ಯಯನವೊಂದು ಇದಕ್ಕೆ ಒಳ್ಳೆಯ ನಿದರ್ಶನ. ಫೆರೆನ್ಸ್ ಮಾರ್ಟನ್ ಮತ್ತು ರೋಜರ್ ಸೆಲ್ಯೋ ಅವರು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಪಠ್ಯವೊಂದನ್ನು ಓದಲು ಕೊಟ್ಟು, ಅದರಿಂದ ಅವರು ಏನನ್ನು ಗ್ರಹಿಸಿದರು, ಓದುವಾಗ ಯಾವುದಕ್ಕೆ ಗಮನ ಕೊಟ್ಟರು ಎಂಬುದನ್ನು ಒಬ್ಬೊಬ್ಬರನ್ನಾಗಿ ಸಂದರ್ಶಿಸಿ ತಿಳಿದುಕೊಂಡರು. ಸಂದರ್ಶನಗಳನ್ನು ಅಕ್ಷರರೂಪಕ್ಕಿಳಿಸಿ ಮತ್ತೆ ಮತ್ತೆ ಓದಿದಾಗ, ಕೆಲವರು ಮುಂದೆ ಕೇಳಬಹುದಾದ ಪ್ರಶ್ನೆಗಳಿಗಾಗಿ ಬಿಡಿ ವಿವರಗಳನ್ನು ನೆನಪಿಟ್ಟುಕೊಳ್ಳಲು ಯತ್ನಿಸಿದ್ದು, ಇನ್ನು ಕೆಲವರು ಲೇಖಕನ ಒಟ್ಟು ವಾದವೇನೆಂದು ಹುಡುಕಿದ್ದು ಸ್ಪಷ್ಟವಾಯಿತು. 1976ರಲ್ಲಿ ಪ್ರಕಟವಾದ ಈ ಅಧ್ಯಯನದಿಂದಲೇ ಮೇಲ್ಮೈ ಕಲಿಕೆ ಮತ್ತು ಆಳವಾದ ಕಲಿಕೆ ಎಂಬ ಪರಿಕಲ್ಪನೆಗಳು ಜಗತ್ತಿನಾದ್ಯಂತ ಬಳಕೆಗೆ ಬಂದವು. ಒಂದೇ ವಿಷಯವನ್ನು ಜನರು ಗುಣಾತ್ಮಕವಾಗಿ ಎಷ್ಟು ಭಿನ್ನ ಬಗೆಗಳಲ್ಲಿ ಗ್ರಹಿಸುತ್ತಾರೆ ಎಂಬುದನ್ನು ಗುರುತಿಸುವ ಈ ಮಾರ್ಗ ಮುಂದೆ ಫಿನಾಮಿನಾಗ್ರಫಿ ಎಂದು ಹೆಸರಾಯಿತು. ಪ್ರಶ್ನಾವಳಿಯ ‘ಹೌದು’, ‘ಇಲ್ಲ’ಗಳಲ್ಲಿ ಈ ಬಗೆಯ ವ್ಯತ್ಯಾಸ ಗೋಚರಿಸುತ್ತಿರಲಿಲ್ಲ.

ತಪ್ಪು ಕಲ್ಪನೆ 3: ತರಗತಿಯ ಅನುಭವದಿಂದ ಗೊತ್ತಿರುವುದನ್ನು ಸಂಶೋಧನೆಯಿಂದ ಸಾಬೀತುಪಡಿಸಿದರೆ ಸಾಕು.

ಸತ್ಯ: ಅನುಭವ ಪ್ರಶ್ನೆಯನ್ನು ಹುಟ್ಟಿಸುತ್ತದೆಯೇ ಹೊರತು ಉತ್ತರವನ್ನು ಖಚಿತಪಡಿಸುವುದಿಲ್ಲ. ಕೆಲವು ಮಕ್ಕಳು ನೋಡಿ ಕಲಿಯುವವರು, ಕೆಲವರು ಕೇಳಿ ಕಲಿಯುವವರು, ಆದ್ದರಿಂದ ಪ್ರತಿಯೊಬ್ಬರಿಗೂ ಅವರವರ ಕಲಿಕಾ ಶೈಲಿಗೆ ತಕ್ಕಂತೆ ಪಾಠ ಹೇಳಬೇಕು ಎಂಬ ನಂಬಿಕೆ ಶಿಕ್ಷಕ ತರಬೇತಿಗಳಲ್ಲಿ ಚಿರಪರಿಚಿತ. ಇದು ನಿಜವೆಂದು ತೋರಿಸಬೇಕಾದರೆ ಎರಡೂ ಬಗೆಯ ಮಕ್ಕಳನ್ನು ಎರಡೂ ಬೋಧನಾ ಕ್ರಮಗಳಿಗೆ ಚೀಟಿ ಎತ್ತಿದಂತೆ ಹಂಚಿ, ಕೊನೆಯಲ್ಲಿ ಎಲ್ಲರಿಗೂ ಒಂದೇ ಪರೀಕ್ಷೆ ಕೊಟ್ಟಾಗ, ನೋಡಿ ಕಲಿಯುವವರಿಗೆ ಚಿತ್ರದ ಪಾಠವೂ ಕೇಳಿ ಕಲಿಯುವವರಿಗೆ ಮಾತಿನ ಪಾಠವೂ ಹೆಚ್ಚು ಫಲ ಕೊಟ್ಟಿರಬೇಕು. ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ವಿಮರ್ಶೆಯಲ್ಲಿ ಈ ಅಳತೆಗೋಲನ್ನೇ ಇಟ್ಟು ಹಿಂದಿನ ಅಧ್ಯಯನಗಳನ್ನು ಪರಿಶೀಲಿಸಿ, ಶೈಲಿಗೆ ತಕ್ಕಂತೆ ಬೋಧಿಸುವುದನ್ನು ಸಮರ್ಥಿಸುವಷ್ಟು ಪುರಾವೆ ಇಲ್ಲವೆಂಬ ತೀರ್ಮಾನಕ್ಕೆ ಬಂದರು. ಮಕ್ಕಳಿಗೆ ತಮ್ಮದೇ ಇಷ್ಟಾನಿಷ್ಟಗಳಿರುವುದನ್ನು ಅವರು ಅಲ್ಲಗಳೆಯಲಿಲ್ಲ. ಅದಕ್ಕೆ ತಕ್ಕಂತೆ ಪಾಠ ಮಾಡಿದರೆ ಕಲಿಕೆ ಹೆಚ್ಚುತ್ತದೆ ಎಂಬ ಮುಂದಿನ ಹೆಜ್ಜೆಗೆ ಆಧಾರ ಸಾಲದು ಎಂದರು. ಈ ಎರಡು ಮಾತುಗಳನ್ನು ಬಿಡಿಸಿ ನೋಡುವ ಶಿಸ್ತನ್ನು ಕಲಿಸುವುದೇ ಸಂಶೋಧನಾ ವಿಧಾನದ ಪತ್ರಿಕೆಗಳ ಉದ್ದೇಶ.

ತಪ್ಪು ಕಲ್ಪನೆ 4: ಮುಂದುವರಿದ ದೇಶಗಳಲ್ಲಿ ಯಶಸ್ವಿಯಾದದ್ದನ್ನು ಕಲಿತು ಬಂದು ಇಲ್ಲಿ ಜಾರಿಗೊಳಿಸಬಹುದು.

ಸತ್ಯ: ಒಂದು ಕಡೆ ದೃಢಪಟ್ಟ ಫಲಿತಾಂಶ ಬೇರೆಡೆಯೂ ಅನ್ವಯಿಸುತ್ತದೆಯೇ ಎಂಬುದು ಪ್ರತ್ಯೇಕ ಸಂಶೋಧನೆಯನ್ನೇ ಬೇಡುವ ಪ್ರಶ್ನೆ. ಅಮೆರಿಕದ ಟೆನೆಸಿ ರಾಜ್ಯದಲ್ಲಿ 1985ರಿಂದ 1989ರವರೆಗೆ, 79 ಶಾಲೆಗಳಲ್ಲಿ ನಡೆದ ‘ಸ್ಟಾರ್’ ಪ್ರಯೋಗದಲ್ಲಿ ಮಕ್ಕಳನ್ನೂ ಶಿಕ್ಷಕರನ್ನೂ 13ರಿಂದ 17 ಮಕ್ಕಳ ಚಿಕ್ಕ ತರಗತಿಗಳಿಗೆ ಹಾಗೂ 22ರಿಂದ 25 ಮಕ್ಕಳ ಸಾಮಾನ್ಯ ತರಗತಿಗಳಿಗೆ ಯಾದೃಚ್ಛಿಕವಾಗಿ ಹಂಚಲಾಯಿತು. ಚಿಕ್ಕ ತರಗತಿಯ ಮಕ್ಕಳು ಓದು ಮತ್ತು ಗಣಿತ ಎರಡರಲ್ಲೂ ಮುಂದಿದ್ದರು. ಆದರೆ 1996ರಲ್ಲಿ ಕ್ಯಾಲಿಫೋರ್ನಿಯಾ ಪ್ರಾಥಮಿಕ ತರಗತಿಗಳನ್ನು ರಾಜ್ಯದಾದ್ಯಂತ ಒಮ್ಮೆಲೇ ಚಿಕ್ಕದಾಗಿಸಲು ಹೊರಟಾಗ, ಅಷ್ಟು ಸಂಖ್ಯೆಯ ತರಬೇತಾದ ಶಿಕ್ಷಕರು ಸಿಗದೆ ಪೂರ್ಣ ಅರ್ಹತೆ ಇಲ್ಲದವರನ್ನೂ ನೇಮಿಸಿಕೊಳ್ಳಬೇಕಾಗಿ ಬಂದು, ಟೆನೆಸಿಯಷ್ಟು ಸ್ಪಷ್ಟವಾದ ಲಾಭ ಕಂಡುಬರಲಿಲ್ಲ. ಒಂದೇ ದೇಶದ ಎರಡು ರಾಜ್ಯಗಳ ನಡುವೆಯೇ ಹೀಗಿರುವಾಗ, ಒಂದರಿಂದ ಮೂರನೇ ತರಗತಿಯವರೆಗಿನ ಮಕ್ಕಳನ್ನು ಒಂದೇ ಕೊಠಡಿಯಲ್ಲಿ ಗುಂಪುಗಳಾಗಿ ಕೂರಿಸಿ ಕಲಿಸುವ ಕರ್ನಾಟಕದ ನಲಿ-ಕಲಿ ಶಾಲೆಗೆ ಸ್ಟಾರ್ ಪ್ರಯೋಗದ ಅಂಕಿಗಳನ್ನು ನೇರವಾಗಿ ಅನ್ವಯಿಸಲಾಗದು. ಮಾದರಿಯೆಂದು ಹೊಗಳಲಾಗುವ ಫಿನ್ಲೆಂಡ್‌ನ ಯಶಸ್ಸು ಕೂಡ ಸ್ಥಿರವಾಗಿ ಉಳಿದಿಲ್ಲ. 15 ವರ್ಷದ ಮಕ್ಕಳ ಕಲಿಕೆಯನ್ನು ಅಳೆಯುವ ಪಿಸಾ ಸಮೀಕ್ಷೆಯ ಓದಿನ ವಿಭಾಗದಲ್ಲಿ 2000ರಲ್ಲಿ 546 ಅಂಕಗಳೊಡನೆ ಮೊದಲ ಸ್ಥಾನದಲ್ಲಿದ್ದ ಆ ದೇಶದ ಸರಾಸರಿ 2022ರ ವೇಳೆಗೆ 490ಕ್ಕೆ ಇಳಿದಿತ್ತು.

ತಪ್ಪು ಕಲ್ಪನೆ 5: ವಾರಕ್ಕೆ ಕೆಲವೇ ತರಗತಿಗಳಿರುವುದರಿಂದ ಓದು ಹಗುರ.

ಸತ್ಯ: ಯುರೋಪಿನ ಕ್ರೆಡಿಟ್ ಪದ್ಧತಿ ಲೆಕ್ಕಕ್ಕೆ ತೆಗೆದುಕೊಳ್ಳುವುದು ಪಾಠದ ಗಂಟೆಗಳನ್ನಷ್ಟೇ ಅಲ್ಲ, ವಿದ್ಯಾರ್ಥಿಯ ಒಟ್ಟು ದುಡಿಮೆಯನ್ನು. ಸ್ವೀಡನ್ನಿನಲ್ಲಿ ಪೂರ್ಣಾವಧಿಯ ಒಂದು ವರ್ಷದ ಓದಿಗೆ 60 ಕ್ರೆಡಿಟ್, ಅಂದರೆ ಸುಮಾರು 40 ಗಂಟೆಗಳ ಒಂದು ವಾರಕ್ಕೆ 1.5 ಕ್ರೆಡಿಟ್. ಈ ಲೆಕ್ಕದಲ್ಲಿ 30 ಕ್ರೆಡಿಟ್‌ಗಳ ಸಂಶೋಧನಾ ಪ್ರಬಂಧವೆಂದರೆ 20 ವಾರಗಳ, ಅಂದರೆ ಸುಮಾರು 800 ಗಂಟೆಗಳ ಸ್ವತಂತ್ರ ಕೆಲಸ. ತರಗತಿಗಳ ನಡುವಿನ ಬಿಡುವೆಂದು ಕಾಣುವ ದಿನಗಳು ನಿಯೋಜಿತ ಲೇಖನಗಳನ್ನು ಓದಿ, ವಿಚಾರಗೋಷ್ಠಿಯಲ್ಲಿ ಅವುಗಳ ವಿಧಾನವನ್ನೂ ತೀರ್ಮಾನವನ್ನೂ ಪ್ರಶ್ನಿಸಲು ಸಿದ್ಧವಾಗುವ ದಿನಗಳಾಗಿರುತ್ತವೆ. ಪ್ರಬಂಧ ಮಂಡನೆಯಲ್ಲಿ ಸಹಪಾಠಿಯೇ ವಿಮರ್ಶಕನ ಸ್ಥಾನದಲ್ಲಿ ನಿಂತು ಲೋಪದೋಷಗಳನ್ನು ಎತ್ತಿ ತೋರಿಸುವ ಪದ್ಧತಿಯೂ ಅಲ್ಲಿದೆ.

ತಪ್ಪು ಕಲ್ಪನೆ 6: ಪರಿಚಿತ ಶಾಲೆಯಾದರೆ ಮಾಹಿತಿ ಸಂಗ್ರಹಕ್ಕೆ ಅಡ್ಡಿಯಿಲ್ಲ.

ಸತ್ಯ: ಕರ್ನಾಟಕದ ಸರ್ಕಾರಿ ಶಾಲೆಯಲ್ಲಿ ಅಧ್ಯಯನ ನಡೆಸಲು ಶಿಕ್ಷಣ ಇಲಾಖೆಯ ಅನುಮತಿಯೂ ಮುಖ್ಯ ಶಿಕ್ಷಕರ ಒಪ್ಪಿಗೆಯೂ ಬೇಕು, ಮಕ್ಕಳನ್ನು ಮಾತನಾಡಿಸುವುದಾದರೆ ಉದ್ದೇಶವನ್ನು ತಿಳಿಯುವ ಭಾಷೆಯಲ್ಲಿ ವಿವರಿಸಿ ಪೋಷಕರ ಒಪ್ಪಿಗೆಯನ್ನೂ ಪಡೆಯಬೇಕು. ಸ್ವೀಡನ್ನಿನ ವಿಶ್ವವಿದ್ಯಾಲಯದ ಅಧ್ಯಯನಕ್ಕಾಗಿ ಇಲ್ಲಿ ಧ್ವನಿಮುದ್ರಿಸಿದ ಸಂದರ್ಶನಕ್ಕೂ 2018ರಲ್ಲಿ ಜಾರಿಗೆ ಬಂದ ಯುರೋಪಿನ ದತ್ತಾಂಶ ಸಂರಕ್ಷಣಾ ನಿಯಮ ಅನ್ವಯಿಸುವುದರಿಂದ, ಮುದ್ರಿಕೆಯನ್ನು ಎಲ್ಲಿ ಇಡಬೇಕು, ಹೆಸರುಗಳನ್ನು ಹೇಗೆ ಮರೆಮಾಡಬೇಕು ಎಂಬುದನ್ನು ಮೊದಲೇ ನಿರ್ಧರಿಸಬೇಕಾಗುತ್ತದೆ.

ತಪ್ಪು ಕಲ್ಪನೆ 7: ಯುರೋಪಿನಲ್ಲಿ ಉನ್ನತ ಶಿಕ್ಷಣ ಉಚಿತ.

ಸತ್ಯ: ಯುರೋಪಿನ ಹೊರಗಿನ ವಿದ್ಯಾರ್ಥಿಗಳಿಗೆ ಸ್ವೀಡನ್ 2011ರಿಂದ, ಫಿನ್ಲೆಂಡ್ 2017ರಿಂದ, ನಾರ್ವೆ 2023ರಿಂದ ಬೋಧನಾ ಶುಲ್ಕ ವಿಧಿಸುತ್ತಿವೆ. ಸ್ವೀಡನ್ನಿನಲ್ಲಿ ಪಿಎಚ್.ಡಿ. ಹಂತಕ್ಕೆ ಬೋಧನಾ ಶುಲ್ಕವಿಲ್ಲದಿರುವುದೂ ಈ ಗೊಂದಲಕ್ಕೆ ಒಂದು ಕಾರಣವಿರಬಹುದು. ಸ್ನಾತಕೋತ್ತರ ಹಂತದಲ್ಲಿ ವಿದ್ಯಾರ್ಥಿವೇತನ ಸಿಗದಿದ್ದರೆ ಶುಲ್ಕವನ್ನೂ ಜೀವನ ವೆಚ್ಚವನ್ನೂ ಸ್ವತಃ ಭರಿಸಬೇಕು.

ಸಿದ್ಧ ಬೋಧನಾ ತಂತ್ರಗಳನ್ನೋ ಶಿಕ್ಷಕ ಹುದ್ದೆಯ ಅರ್ಹತೆಯನ್ನೋ ಬಯಸುವವರಿಗೆ ಈ ಪದವಿ ತಕ್ಕುದಲ್ಲ. ಶಿಕ್ಷಣದ ಬಗ್ಗೆ ಕೇಳಿಬರುವ ಯಾವುದೇ ಹೇಳಿಕೆಗೆ, ತಮ್ಮದೇ ನಂಬಿಕೆಗೂ ಸಹ, ಪುರಾವೆ ಕೇಳುವ ಶಿಸ್ತನ್ನು ಬಯಸುವವರಿಗೆ ಇದು ಉಪಯುಕ್ತ. ಅರ್ಜಿ ಸಲ್ಲಿಸುವ ಮೊದಲು ಪಠ್ಯಕ್ರಮದಲ್ಲಿ ಸಂಶೋಧನಾ ವಿಧಾನಕ್ಕೆ ಮೀಸಲಾದ ಕ್ರೆಡಿಟ್‌ಗಳೆಷ್ಟು, ಆಸಕ್ತಿಯ ವಿಷಯದಲ್ಲಿ ಮಾರ್ಗದರ್ಶಕರು ಇದ್ದಾರೆಯೇ, ಶುಲ್ಕ ಎಷ್ಟು, ಭಾರತದಲ್ಲಿ ಪದವಿಗೆ ತತ್ಸಮಾನ ಮಾನ್ಯತೆ ದೊರೆಯುತ್ತದೆಯೇ ಎಂಬ ನಾಲ್ಕು ಅಂಶಗಳನ್ನು ಪ್ರತಿಯೊಬ್ಬ ಆಕಾಂಕ್ಷಿಯೂ ಖಚಿತಪಡಿಸಿಕೊಳ್ಳಬೇಕು.