ಮಾಡರ್ನಿಟಿ ಮತ್ತು ಮಾಡರ್ನಿಸಂ: ಒಂದು ಅರ್ಥವಿವೇಚನೆ

ಇಂಗ್ಲಿಷಿನ ‘ಮಾಡರ್ನಿಟಿ’ ಹಾಗೂ ‘ಮಾಡರ್ನಿಸಂ’ ಎಂಬೆರಡು ನಾಮಪದಗಳಿಗೂ ‘ಆಧುನಿಕತೆ’ ಎಂಬ ಒಂದೇ ಪದವನ್ನು ಬಳಸುವ ರೂಢಿ ಕನ್ನಡ ವಿಮರ್ಶೆಯಲ್ಲಿದೆ. ‘ಈಗಷ್ಟೇ’ ಎಂಬರ್ಥದ ಲ್ಯಾಟಿನ್ ಅವ್ಯಯವೇ ಎರಡಕ್ಕೂ ಮೂಲ. ಭೇದವಿರುವುದು ಪ್ರತ್ಯಯದಲ್ಲಿ: ‘ಇಟಿ’ ಸ್ಥಿತಿಯನ್ನು ಸೂಚಿಸಿದರೆ, ‘ಇಸಂ’ ನಿಲುವನ್ನೋ ಪಂಥವನ್ನೋ ರೂಢಿಯನ್ನೋ ಸೂಚಿಸುತ್ತದೆ.

ಮುದ್ರಣ, ಯಂತ್ರೋದ್ಯಮ, ರಾಷ್ಟ್ರಪ್ರಭುತ್ವ, ವೈಚಾರಿಕತೆ ಇವುಗಳಿಂದ ರೂಪುಗೊಂಡ ಜೀವನಸ್ಥಿತಿ ಮಾಡರ್ನಿಟಿ. ಅದನ್ನು ಒಪ್ಪದವರೂ ಅದರೊಳಗೇ ಬದುಕುತ್ತಾರೆ. ಮಾಡರ್ನಿಸಂ ಪದದ ಚರಿತ್ರೆ ಹೆಚ್ಚು ಕುತೂಹಲಕರವಾದುದು. 1737ರಲ್ಲಿ ಜೊನಾಥನ್ ಸ್ವಿಫ್ಟ್ ಕವಿ ಪೋಪನಿಗೆ ಬರೆದ ಪತ್ರದಲ್ಲಿ ಈ ಪದವನ್ನು ಇಂಗ್ಲಿಷನ್ನು ಕೆಡಿಸುವ ಹೊಸ ನುಡಿಗಟ್ಟುಗಳೆಂಬ ಅರ್ಥದಲ್ಲಿ, ದೂರಿನ ಧ್ವನಿಯಲ್ಲಿ ಬಳಸಿದ. 1907ರಲ್ಲಿ ಹತ್ತನೆಯ ಪಯಸ್ ಪೋಪರು ಖಂಡಿಸಿದ ಮಾಡರ್ನಿಸಂ ಒಂದು ಧಾರ್ಮಿಕ ಚಿಂತನಾಕ್ರಮ. ಎಲಿಯಟ್‌ನ ‘ದಿ ವೇಸ್ಟ್ ಲ್ಯಾಂಡ್’, ಜಾಯ್ಸ್‌ನ ‘ಯುಲಿಸಿಸ್’ (ಎರಡೂ 1922) ಪ್ರತಿನಿಧಿಸುವ ಸಾಹಿತ್ಯಪಂಥಕ್ಕೆ ಈ ಹೆಸರು ನೆಲೆನಿಂತದ್ದು ಅನಂತರ. ಈ ಪಂಥವು ಮಾಡರ್ನಿಟಿಯ ಸಮರ್ಥನೆಯಲ್ಲ ಎಂಬುದನ್ನು ಮುಖ್ಯವಾಗಿ ಗಮನಿಸಬೇಕು. ಎಲಿಯಟ್‌ನಂಥವರಲ್ಲಿ ಅದು ಮಾಡರ್ನಿಟಿಯ ಬಗೆಗಿನ ತೀವ್ರ ಅಸಮಾಧಾನವೇ ಆಗಿದೆ.

ಎರಡನ್ನೂ ‘ಆಧುನಿಕತೆ’ ಎಂದು ಕರೆದಾಗ ಕನ್ನಡ ಸಾಹಿತ್ಯಚರಿತ್ರೆಯ ನಿರೂಪಣೆಯೇ ಏರುಪೇರಾಗುತ್ತದೆ. 1843ರ ‘ಮಂಗಳೂರ ಸಮಾಚಾರ’, ವಿಧವಾವಿವಾಹವನ್ನೂ ಸ್ತ್ರೀಶಿಕ್ಷಣವನ್ನೂ ಎತ್ತಿಹಿಡಿದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ (1899) ಮಾಡರ್ನಿಟಿಯ ಕೂಸುಗಳು. ಅವುಗಳಲ್ಲಿ ಮಾಡರ್ನಿಸಂ ಇಲ್ಲ. ಅಡಿಗರ ‘ಚಂಡೆಮದ್ದಳೆ’ (1954) ಮಾಡರ್ನಿಸಂಗೆ ಸೇರುತ್ತದೆ. ‘ಕನ್ನಡದಲ್ಲಿ ಆಧುನಿಕತೆ ನವ್ಯದಿಂದ ಆರಂಭವಾಯಿತು’ ಎಂಬ ವಾಕ್ಯವನ್ನು ವಿದ್ಯಾರ್ಥಿಯೊಬ್ಬ ಬರೆದರೆ ಒಂದು ಶತಮಾನದ ಪತ್ರಿಕೆ, ಗದ್ಯ, ಸುಧಾರಣೆಗಳೆಲ್ಲ ಆಧುನಿಕಪೂರ್ವವಾಗಿಬಿಡುತ್ತವೆ. ಇನ್ನೊಂದು ತೊಡಕೂ ಉಂಟು. ನೆಹರೂ ಯುಗದ ಪ್ರಗತಿಯ ಭರವಸೆಯನ್ನು ಶಂಕಿಸಿದ ಅಡಿಗರನ್ನು ‘ಆಧುನಿಕತೆಯ ಕವಿ’ ಎಂದಾಗ ಇಲ್ಲದ ವಿರೋಧಾಭಾಸವೊಂದು ಹುಟ್ಟಿಕೊಳ್ಳುತ್ತದೆ. ವಾಸ್ತವವಾಗಿ ಆ ಶಂಕೆ ಮಾಡರ್ನಿಸಂನ ಸಹಜ ಲಕ್ಷಣವೇ.

ಮಾಡರ್ನಿಟಿಗೆ ‘ಆಧುನಿಕತೆ’ಯನ್ನು ಮೀಸಲಿಡುವುದು ಯುಕ್ತ. ಮಾಡರ್ನಿಸಂಗೆ ‘ಆಧುನಿಕತಾವಾದ’ ಎಂಬುದು ಕಿವಿಗೆ ತುಸು ಒರಟಾದರೂ ಅರ್ಥದಲ್ಲಿ ನಿಖರವಾಗಿದೆ. ‘ನವ್ಯ’ ಎಂಬ ಪದ ಸುಲಭವಾಗಿ ಒದಗುವುದಾದರೂ ಅದು ಕನ್ನಡದ ಒಂದು ನಿರ್ದಿಷ್ಟ ಕಾಲಘಟ್ಟದ ಅಂಕಿತನಾಮ. ಲೋಹಿಯಾ ಚಿಂತನೆಯಂಥ ಸ್ಥಳೀಯ ಪ್ರೇರಣೆಗಳೂ ಅದರೊಡನೆ ಬೆಸೆದುಕೊಂಡಿವೆ. ಎಲಿಯಟ್‌ನನ್ನು ನವ್ಯಕವಿ ಎಂದು ಕರೆದರೆ ಆ ಪ್ರೇರಣೆಗಳನ್ನೂ ಅವನಿಗೆ ಆರೋಪಿಸಿದಂತಾಗುತ್ತದೆ.